ಕ್ಯಾನ್ಸರಿಗೆ ಕಾರಣ: ವೈರಸ್ಸೋ, ವಂಶವಾಹಿಯೋ?

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ನಿಂತಳು. "ಏನಮ್ಮ?" ಎಂದೆ. "ಸಾರ್, ಕ್ಯಾನ್ಸರ್ ಅಂಟುಜಾಡ್ಯವೇ?" ಎಂದು ಕೇಳಿದಳು. ಅವಳ ದೊಡ್ಡಮ್ಮನಿಗೆ ಗರ್ಭಕೋಶದ ಕೊರಳಿನಲ್ಲಿ ಕ್ಯಾನ್ಸರ್ ಆಗಿತ್ತು. ಅದು ವೈರಸ್ಸಿನಿಂದ ಬರುವ ರೋಗವೆಂದು ಮನೆಯವರಲ್ಲಿ ಯಾರೋ ಕೇಳಿಕೊಂಡು ಬಂದಿದ್ದರು. ಅಂದಿನಿಂದ ಆಕೆಯ ತಟ್ಟೆ, ಲೋಟ, ಹಾಸಿಗೆಗಳೆಲ್ಲ ಹಿತ್ತಿಲ ಜಗಲಿಗೆ ಹೋದುವು. ಮಕ್ಕಳು ಹತ್ತಿರ ಸುಳಿಯಬಾರದೆಂದು ಕಟ್ಟಪ್ಪಣೆಯಾಯಿತು. ಈ ಹುಡುಗಿಯಾದರೋ ಹುಟ್ಟಿದಂದಿನಿಂದ ದೊಡ್ಡಮ್ಮನ ಮಗ್ಗುಲಲ್ಲಿಯೇ ಮಲಗಿ ಬೆಳೆದವಳು. "ಪುಸ್ತಕದಲ್ಲಿ ವಂಶವಾಹಿ ಕೆಟ್ಟರೆ ಕ್ಯಾನ್ಸರ್ ಬರುತ್ತದೆ ಅಂತ ಬರೆದಿದೆ ಸಾರ್. ವೈರಸ್ಸಾದರೆ ನನಗೆ ಅಂಟಿರಬೇಕು. ವಂಶವಾಹಿಯಾದರೆ ನನಗೂ ಬಂದಿರಬೇಕು. ಎರಡರಲ್ಲಿ ಯಾವುದು ನಿಜ?" ಎಂದಳು.

ನಾನು ಕನ್ನಡ ಪಂಡಿತ. ಸಂಧಿ ಸಮಾಸಗಳ ವಿಷಯ ಕೇಳಿದ್ದರೆ ನಿಂತ ನಿಲುವಿನಲ್ಲಿ ಉತ್ತರ ಕೊಡುತ್ತಿದ್ದೆ. ಇದಕ್ಕೆ ಕೊಡಲಾಗಲಿಲ್ಲ. "ನಾಳೆ ಹೇಳುತ್ತೇನಮ್ಮ" ಎಂದೆ. ಆ ನಾಳೆ ಬರುವುದಕ್ಕೆ ಮೂರು ವಾರ ಹಿಡಿಯಿತು. ವಿಜ್ಞಾನದ ಅಧ್ಯಾಪಕ ಮಿತ್ರರನ್ನು ಕಾಡಿ, ಪುಸ್ತಕಗಳನ್ನು ತಿರುವಿ ಹಾಕಿ ನಾನು ತಿಳಿದುಕೊಂಡದ್ದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ವೈರಸ್ಸೋ ವಂಶವಾಹಿಯೋ ಎಂಬ ಪ್ರಶ್ನೆಗೆ ಉತ್ತರ "ಎರಡೂ" ಎಂಬುದು. ಆದರೆ ಆ ಎರಡೂ ಬಂದು ಸೇರುವ ಸ್ಥಳ ಒಂದೇ.

ರೋಗ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಅರ್ಬುದವೆಂಬ ಹೆಸರಿನಿಂದ ಗೆಡ್ಡೆಗಳ ವಿವರಣೆಯುಂಟು. ಗ್ರೀಕರು ಇದಕ್ಕೆ ಏಡಿಯ ಹೆಸರನ್ನಿಟ್ಟರು; ಕ್ಯಾನ್ಸರ್ ಎಂಬ ಲ್ಯಾಟಿನ್ ಮಾತಿನ ಅರ್ಥವೂ ಏಡಿಯೆಂದೇ. ಹೆಸರು ಇಷ್ಟು ಹಳೆಯದಾದರೂ ಕಾರಣ ತಿಳಿದದ್ದು ತೀರ ಈಚೆಗೆ.

ಮನುಷ್ಯನ ದೇಹದಲ್ಲಿ ಸುಮಾರು ೩೦ ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಲೆಕ್ಕ ಹಾಕಿದ್ದಾರೆ. ಬಹುಮಟ್ಟಿಗೆ ಪ್ರತಿಯೊಂದು ಜೀವಕೋಶದ ಒಡಲಲ್ಲಿಯೂ ಡಿ.ಎನ್.ಎ. ಎಂಬ ನೂಲಿನಲ್ಲಿ ಒಂದು ಗ್ರಂಥ ಬರೆದಿದೆ. ಈ ಗ್ರಂಥದ ಭಾಷೆಗೆ ಇರುವ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಆದರೆ ಗ್ರಂಥದ ಉದ್ದ ಸುಮಾರು ೩೦೦ ಕೋಟಿ ಅಕ್ಷರ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ, ಹೀಗೆ ಎರಡೆರಡು ಪ್ರತಿಗಳು ನಮ್ಮಲ್ಲಿರುತ್ತವೆ. ಈ ಗ್ರಂಥದ ಒಂದೊಂದು ವಾಕ್ಯವೇ ಒಂದೊಂದು ವಂಶವಾಹಿ ಎನ್ನಬಹುದು. ಇಂತಿಂಥ ಪ್ರೋಟೀನನ್ನು ಹೀಗೆ ಮಾಡು ಎಂದು ಆಜ್ಞೆ ಮಾಡುವ ವಂಶವಾಹಿಗಳು ಸುಮಾರು ೨೦ ಸಾವಿರ. ಒಂದು ಜೀವಕೋಶ ಒಡೆದು ಎರಡಾಗುವಾಗಲೆಲ್ಲ ಈ ಗ್ರಂಥ ಆದಿಯಿಂದ ಅಂತ್ಯದವರೆಗೆ ಪ್ರತಿಯಾಗಬೇಕು.

ಓಲೆಗರಿಯ ಗ್ರಂಥಗಳನ್ನು ನೋಡಿದವರಿಗೆ ಪ್ರತಿ ಮಾಡುವ ಕಷ್ಟ ಗೊತ್ತು. ಲಿಪಿಕಾರ ಎಷ್ಟೇ ಜಾಗರೂಕನಾಗಿರಲಿ, ಕೈ ಒಂದೆಡೆ ತಪ್ಪುತ್ತದೆ. ಒಂದು ಅಕ್ಷರಕ್ಕೆ ಇನ್ನೊಂದು ಬೀಳುತ್ತದೆ, ಒಂದು ಸಾಲು ಬಿಟ್ಟುಹೋಗುತ್ತದೆ, ಒಂದು ಸಾಲು ಎರಡು ಬಾರಿ ಬರುತ್ತದೆ, ಗರಿಗಳು ಹಿಂದು ಮುಂದಾಗುತ್ತವೆ. ಜೀವಕೋಶದಲ್ಲಿಯೂ ನಡೆಯುವುದು ಇದೇ. ಅಲ್ಲಿ ತಪ್ಪನ್ನು ಹುಡುಕಿ ತಿದ್ದುವ ಪರಿಶೋಧಕರಂತೆ ಕೆಲಸ ಮಾಡುವ ಪ್ರೋಟೀನುಗಳುಂಟು. ಬಹುಪಾಲು ತಪ್ಪುಗಳು ಅಲ್ಲಿಯೇ ಸರಿಯಾಗುತ್ತವೆ. ಅವುಗಳ ಕಣ್ಣು ತಪ್ಪಿಸಿ ಉಳಿದುಕೊಂಡ ಅಕ್ಷರದೋಷವನ್ನೇ ವಿಜ್ಞಾನಿಗಳು ಉತ್ಪರಿವರ್ತನೆ ಎಂದು ಕರೆಯುತ್ತಾರೆ. ಹಲವು ದೋಷಗಳಿಂದ ಏನೂ ಆಗುವುದಿಲ್ಲ. ಕೆಲವು ಮಾತ್ರ ಅರ್ಥವನ್ನೇ ಬುಡಮೇಲು ಮಾಡಿಬಿಡುತ್ತವೆ.

"ತಡೆ" ಎಂದು ಬರೆಯಿರಿ. ಮೊದಲ ಅಕ್ಷರವೊಂದನ್ನು ಬದಲಾಯಿಸಿ "ನಡೆ" ಎಂದು ಮಾಡಿ. ನಿಲ್ಲು ಎಂಬ ಅಪ್ಪಣೆ ಹೋಗು ಎಂಬ ಅಪ್ಪಣೆಯಾಯಿತು. ಇದು ಕೇವಲ ಉಪಮಾನವಲ್ಲ. ೧೯೮೨ರಲ್ಲಿ ಅಮೆರಿಕದ ವಿಜ್ಞಾನಿಗಳು ಮೂತ್ರಕೋಶದ ಕ್ಯಾನ್ಸರಿನ ಜೀವಕೋಶಗಳಲ್ಲಿ ರಾಸ್ ಎಂಬ ವಂಶವಾಹಿಯನ್ನು ಓದಿ ನೋಡಿದರು. ಆರೋಗ್ಯವಂತರ ವಂಶವಾಹಿಗೂ ಅದಕ್ಕೂ ಇದ್ದ ಮುಖ್ಯ ವ್ಯತ್ಯಾಸ ಒಂದೇ ಅಕ್ಷರ: ಜಿ ಇರಬೇಕಾದ ಕಡೆ ಟಿ ಇತ್ತು. ರಾಸ್ ಪ್ರೋಟೀನಿನ ಕೆಲಸ "ಬೆಳೆ" ಎಂಬ ಸುದ್ದಿಯನ್ನು ಒಳಗೆ ಮುಟ್ಟಿಸಿ, ಬಳಿಕ ಸುಮ್ಮನಾಗುವುದು. ಆ ಒಂದು ಅಕ್ಷರ ತಪ್ಪಿದ್ದರಿಂದ ಅದಕ್ಕೆ ಸುಮ್ಮನಾಗುವುದು ಮರೆತುಹೋಗಿತ್ತು. ಹಗಲೂ ರಾತ್ರಿ ಅದು "ಬೆಳೆ, ಬೆಳೆ" ಎಂದು ಕೂಗುತ್ತಲೇ ಇತ್ತು.

ಇಂತಹ ತಪ್ಪುಗಳು ಎಲ್ಲಿಂದ ಬರುತ್ತವೆ? ಕೆಲವು ಪ್ರತಿ ಮಾಡುವಾಗ ತಾವಾಗಿಯೇ ಆಗುವಂಥವು. ಇನ್ನು ಕೆಲವು ನಾವು ಕೈಯಾರೆ ತಂದುಕೊಳ್ಳುವಂಥವು. ಬೀಡಿ ಸಿಗರೇಟುಗಳ ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಸ್ತುವಿದೆ. ಅದು ದೇಹದೊಳಗೆ ಮಾರ್ಪಟ್ಟು ಡಿ.ಎನ್.ಎ.ಯ ಜಿ ಎಂಬ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಮಸಿ ಬಿದ್ದ ಅಕ್ಷರವನ್ನು ಲಿಪಿಕಾರ ತಪ್ಪಾಗಿ ಓದುವಂತೆ, ಪ್ರತಿಯಾಗುವಾಗ ಜೀವಕೋಶವೂ ಅದನ್ನು ತಪ್ಪಾಗಿ ಓದುತ್ತದೆ. ಬಿಸಿಲಿನ ನೇರಳಾತೀತ ಕಿರಣ, ಎಕ್ಸ್-ಕಿರಣಗಳು ಕೂಡ ಬೇರೆ ಬೇರೆ ಬಗೆಯಲ್ಲಿ ಈ ಬರವಣಿಗೆಯನ್ನು ಕೆಡಿಸಬಲ್ಲುವು.

ಕ್ಯಾನ್ಸರಿಗೆ ಸಂಬಂಧಪಟ್ಟ ವಂಶವಾಹಿಗಳಲ್ಲಿ ಎರಡು ಮುಖ್ಯ ಬಗೆ. ಗಾಡಿಯ ಎತ್ತನ್ನು ನೆನೆಯಿರಿ. ಮುಂದೆ ನಡೆಸುವುದಕ್ಕೆ ಬಾರುಕೋಲು. ಹಿಡಿದು ನಿಲ್ಲಿಸುವುದಕ್ಕೆ ಮೂಗುದಾರ. ರಾಸ್ ಬಾರುಕೋಲಿನ ಜಾತಿಯದು. ಮೂಗುದಾರದ ಜಾತಿಯವೂ ಇವೆ. ೧೯೭೧ರಲ್ಲಿ ಆಲ್‌ಫ್ರೆಡ್ ನಡ್ಸನ್ ಎಂಬ ವೈದ್ಯರು ಮಕ್ಕಳ ಕಣ್ಣಿನಲ್ಲಿ ಆಗುವ ಒಂದು ಕ್ಯಾನ್ಸರನ್ನು ಲೆಕ್ಕಾಚಾರ ಹಾಕಿ ನೋಡಿ, ಅದಕ್ಕೆ ಎರಡು ಪೆಟ್ಟು ಬೇಕೆಂದು ಹೇಳಿದರು. ತಂದೆಯಿಂದ ಬಂದ ಮೂಗುದಾರವೊಂದು, ತಾಯಿಯಿಂದ ಬಂದ ಮೂಗುದಾರವೊಂದು. ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ, ಎರಡೂ ಹರಿದರೆ ಎತ್ತು ಕೈತಪ್ಪುತ್ತದೆ. ಮುಂದೆ ೧೯೮೬ರಲ್ಲಿ ಆ ವಂಶವಾಹಿ ಕೈಗೆ ಸಿಕ್ಕಿತು. ಅದರ ಹೆಸರು ಆರ್.ಬಿ. ಇದೇ ಜಾತಿಯ ಇನ್ನೊಂದು ಪಿ-೫೩. ಇದರ ಪ್ರೋಟೀನು ಬೆಳಕಿಗೆ ಬಂದದ್ದು ೧೯೭೯ರಲ್ಲಿ. ಗ್ರಂಥದಲ್ಲಿ ಹಾನಿ ಕಂಡಕೂಡಲೆ ಜೀವಕೋಶವನ್ನು ನಿಲ್ಲಿಸಿ "ಮೊದಲು ತಿದ್ದಿಕೊ" ಎನ್ನುವುದು ಇದರ ಕೆಲಸ. ತಿದ್ದಲಾಗದಷ್ಟು ಕೆಟ್ಟಿದ್ದರೆ ಆ ಜೀವಕೋಶ ತಾನೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನೇ ಕೆಟ್ಟಿರುತ್ತಾನೆ.

ಸಾಮಾನ್ಯವಾಗಿ ಒಂದೇ ತಪ್ಪಿನಿಂದ ಕ್ಯಾನ್ಸರ್ ಆಗುವುದಿಲ್ಲ. ಬಾರುಕೋಲಿನ ತಪ್ಪು, ಮೂಗುದಾರದ ತಪ್ಪು, ಪರಿಶೋಧಕನ ತಪ್ಪು, ಹೀಗೆ ಹಲವು ಒಂದೇ ಜೀವಕೋಶದ ವಂಶದಲ್ಲಿ ವರ್ಷಾನುಗಟ್ಟಲೆ ಕೂಡಿಬರಬೇಕು. ವಯಸ್ಸಾದಂತೆ ಈ ರೋಗ ಹೆಚ್ಚಾಗುವುದು ಇದರಿಂದಲೇ. ನನ್ನ ವಿದ್ಯಾರ್ಥಿನಿಯ ಎರಡನೆಯ ಭಯಕ್ಕೂ ಇಲ್ಲಿಯೇ ಉತ್ತರವಿದೆ. ವಂಶವಾಹಿ ಕೆಡುವುದೆಂದರೆ ವಂಶಕ್ಕೆಲ್ಲ ಹರಿದುಬರುವುದೆಂದು ಅರ್ಥವಲ್ಲ. ಮೂಲಪ್ರತಿಯಲ್ಲಿಯೇ ದೋಷವಿದ್ದರೆ ಅದರಿಂದ ಇಳಿದ ಪ್ರತಿಗಳಿಗೂ ಅದು ಇಳಿಯಬಹುದು. ಅಂತಹ ಕುಟುಂಬಗಳೂ ಉಂಟು. ಆದರೆ ಅವು ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವುಗಳಲ್ಲಿ ತಪ್ಪು ಆದದ್ದು ಆ ಒಬ್ಬರ ದೇಹದ ಯಾವುದೋ ಒಂದು ಜೀವಕೋಶದಲ್ಲಿ. ಅದು ಅವರೊಂದಿಗೆ ಹುಟ್ಟಿದ್ದಲ್ಲ. ಅವರಿಂದ ಮಕ್ಕಳಿಗೆ ಹೋಗುವುದೂ ಇಲ್ಲ.

ಇನ್ನು ವೈರಸ್ಸಿನ ಕಥೆ. ಇದು ಒಂದು ಕೋಳಿಯಿಂದ ಆರಂಭವಾಗುತ್ತದೆ.

೧೯೦೯ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಶೋಧನ ಸಂಸ್ಥೆಗೆ ರೈತ ಹೆಣ್ಣುಮಗಳೊಬ್ಬಳು ಎದೆಯಲ್ಲಿ ಗೆಡ್ಡೆ ಬೆಳೆದ ಒಂದು ಹೇಂಟೆಯನ್ನು ತಂದಳು. ಅಲ್ಲಿ ಪೇಟನ್ ರೌಸ್ ಎಂಬ ತರುಣ ವೈದ್ಯರಿದ್ದರು. ಅವರು ಆ ಗೆಡ್ಡೆಯನ್ನು ಅರೆದು, ಜೀವಕೋಶಗಳಾಗಲಿ ಬ್ಯಾಕ್ಟೀರಿಯಗಳಾಗಲಿ ನುಸುಳಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಉಳಿದ ತಿಳಿಯನ್ನು ಆರೋಗ್ಯವಾಗಿದ್ದ ಕೋಳಿಗಳಿಗೆ ಚುಚ್ಚಿದರು. ಅವುಗಳಿಗೂ ಗೆಡ್ಡೆ ಎದ್ದಿತು. ತಿಳಿಯಲ್ಲಿ ಇದ್ದದ್ದು ಜೀವಕೋಶಕ್ಕಿಂತ ಬಹು ಚಿಕ್ಕದಾದ ಏನೋ ಒಂದು; ಅದೇ ವೈರಸ್. ೧೯೧೧ರಲ್ಲಿ ರೌಸ್ ಇದನ್ನು ಪ್ರಕಟಿಸಿದರು. ನಂಬಿದವರು ಕಡಮೆ. ಕೋಳಿಗೆ ಆದದ್ದು ಮನುಷ್ಯನಿಗೆ ಅನ್ವಯಿಸುವುದಿಲ್ಲವೆಂದರು ಕೆಲವರು. ಅದು ನಿಜವಾದ ಕ್ಯಾನ್ಸರೇ ಅಲ್ಲವೆಂದರು ಇನ್ನು ಕೆಲವರು. ಕೆಲವೇ ವರ್ಷಗಳಲ್ಲಿ ರೌಸರು ಆ ಕೆಲಸವನ್ನು ಬಿಟ್ಟು ಬೇರೆ ಸಂಶೋಧನೆಗೆ ತೊಡಗಿದರು. ಅವರಿಗೆ ಇದಕ್ಕಾಗಿ ನೊಬೆಲ್ ಪಾರಿತೋಷಿಕ ಬಂದದ್ದು ೧೯೬೬ರಲ್ಲಿ. ಆಗ ಅವರಿಗೆ ೮೭ ವರ್ಷ. ಸತ್ಯವೊಂದು ಸನ್ಮಾನಕ್ಕಾಗಿ ೫೫ ವರ್ಷ ಬಾಗಿಲಲ್ಲಿ ನಿಂತಿತ್ತು.

ಇನ್ನೂ ಒಂದು ವಿಚಿತ್ರವುಂಟು. ಈ ರೌಸರು ವಂಶವಾಹಿ ಕೆಟ್ಟು ಕ್ಯಾನ್ಸರ್ ಬರುತ್ತದೆಂಬ ವಾದವನ್ನು ಒಪ್ಪುತ್ತಿರಲಿಲ್ಲ. ನೊಬೆಲ್ ಭಾಷಣದಲ್ಲಿಯೂ ಅದನ್ನು ಅಲ್ಲಗಳೆದರು. ಅವರು ೧೯೭೦ರಲ್ಲಿ ತೀರಿಕೊಂಡರು. ಅದೇ ವರ್ಷ ಹೊವರ್ಡ್ ಟೆಮಿನ್, ಡೇವಿಡ್ ಬಾಲ್ಟಿಮೋರ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಕೆಲಸ ಮಾಡಿ, ರೌಸರ ವೈರಸ್ಸಿನ ಜಾತಿಯವು ತಮ್ಮ ಆರ್.ಎನ್.ಎ. ಬರಹವನ್ನು ಡಿ.ಎನ್.ಎ. ಲಿಪಿಗೆ ತಿರುಗಿಸಬಲ್ಲುವೆಂದು ತೋರಿಸಿದರು. ತಿರುಗಿಸಿದ ಬರಹ ನಮ್ಮ ಗ್ರಂಥದ ನಡುವೆ ಸೇರಿಕೊಳ್ಳುತ್ತದೆ. ಹಳೆಯ ಕಾವ್ಯಗಳಲ್ಲಿ ಯಾರೋ ತಮ್ಮ ಪದ್ಯವನ್ನು ತೂರಿಸಿಬಿಟ್ಟರೆ ಅದನ್ನು ನಾವು ಪ್ರಕ್ಷಿಪ್ತವೆನ್ನುತ್ತೇವಲ್ಲ, ಇದೂ ಹಾಗೆಯೇ.

ಆದರೆ ಈ ಪ್ರಕ್ಷಿಪ್ತವನ್ನು ಬರೆದವರಾರು? ರೌಸರ ವೈರಸ್ಸಿನಲ್ಲಿ ಗೆಡ್ಡೆಯನ್ನು ಹುಟ್ಟಿಸುತ್ತಿದ್ದುದು ಸಾರ್ಕ್ ಎಂಬ ಒಂದೇ ವಂಶವಾಹಿ. ೧೯೭೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಮೈಕಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಅವರ ಸಂಗಡಿಗರು ಅದರ ಮೂಲವನ್ನು ಹುಡುಕುತ್ತ ಹೋದರು. ವೈರಸ್ ಸೋಂಕದ ಆರೋಗ್ಯವಂತ ಕೋಳಿಯಲ್ಲಿಯೇ ಅದರ ಜೋಡಿ ಸಿಕ್ಕಿತು. ಬಾತು, ಲಾವಕ್ಕಿ, ಎಮು ಪಕ್ಷಿಗಳಲ್ಲಿಯೂ ಸಿಕ್ಕಿತು. ಮುಂದೆ ಮನುಷ್ಯನಲ್ಲಿಯೂ ಸಿಕ್ಕಿತು. ಎಂದರೆ ಹೊರಗಿನವರು ತೂರಿಸಿದರೆಂದುಕೊಂಡ ಪದ್ಯ ನಮ್ಮ ಮೂಲಗ್ರಂಥದ್ದೇ! ಯಾವ ಕಾಲದಲ್ಲೋ ವೈರಸ್ ಅದನ್ನು ಕೋಳಿಯಿಂದ ಕದ್ದೊಯ್ದಿತ್ತು. ಕದಿಯುವಾಗ ಅದರ ಕೊನೆಯ ತುಣುಕು ಹರಿದುಹೋಗಿತ್ತು. ಆ ಕೊನೆಯ ತುಣುಕಿನಲ್ಲಿಯೇ ಅದನ್ನು ಹತೋಟಿಯಲ್ಲಿಡುವ ಕಟ್ಟು ಇದ್ದದ್ದು. ಕಟ್ಟಿಲ್ಲದ ಬಾರುಕೋಲನ್ನು ವೈರಸ್ ಮತ್ತೆ ಕೋಳಿಯ ಮೈಗೆ ತಂದುಕೊಟ್ಟಿತು. ಈ ಶೋಧಕ್ಕಾಗಿ ಬಿಷಪ್ ಮತ್ತು ವಾರ್ಮಸ್ ಇಬ್ಬರಿಗೂ ೧೯೮೯ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. ವೈರಸ್ಸಿನವರಿಗೂ ವಂಶವಾಹಿಯವರಿಗೂ ನಡೆಯುತ್ತಿದ್ದ ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಹಾದಿ ಎರಡು, ಊರು ಒಂದು.

ಮನುಷ್ಯನ ವಿಷಯಕ್ಕೆ ಬರೋಣ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಮಾನವ ಪ್ಯಾಪಿಲೋಮ ವೈರಸ್, ಎಂದರೆ ಎಚ್.ಪಿ.ವಿ., ಕಾರಣವೆಂಬ ಸಂದೇಹದಿಂದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಹಲವು ವರ್ಷ ಹುಡುಕಿ, ೧೯೮೩ರಲ್ಲಿ ೧೬ನೆಯ ಬಗೆಯನ್ನೂ ಮರುವರ್ಷ ೧೮ನೆಯ ಬಗೆಯನ್ನೂ ಗೆಡ್ಡೆಗಳಲ್ಲಿ ಕಂಡುಹಿಡಿದರು. ಅವರಿಗೆ ನೊಬೆಲ್ ಬಂದದ್ದು ೨೦೦೮ರಲ್ಲಿ. ಈ ವೈರಸ್ಸಿನಲ್ಲಿ ಇನ್ನೂರಕ್ಕಿಂತ ಹೆಚ್ಚು ಬಗೆಗಳುಂಟು. ಕೆಲವು ನರುಳ್ಳೆ ಎಬ್ಬಿಸಿ ಸುಮ್ಮನಾಗುತ್ತವೆ. ಕ್ಯಾನ್ಸರಿಗೆ ದಾರಿ ಮಾಡುವ ಬಗೆಗಳು ಹನ್ನೆರಡು ಹದಿನಾಲ್ಕು ಮಾತ್ರ. ಅವುಗಳಲ್ಲಿ ಈ ೧೬ ಮತ್ತು ೧೮ ಸೇರಿ ಗರ್ಭಕೋಶದ ಕೊರಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ೭೦ಕ್ಕೆ ಕಾರಣ.

ಇದು ಕೋಳಿಯ ವೈರಸ್ಸಿನಂತೆ ಬಾರುಕೋಲನ್ನು ತರುವುದಿಲ್ಲ. ಮೂಗುದಾರಕ್ಕೇ ಕೈ ಹಾಕುತ್ತದೆ. ಇದರಲ್ಲಿ ಇ-೬, ಇ-೭ ಎಂಬ ಎರಡು ಪ್ರೋಟೀನುಗಳಿವೆ. ಇ-೬ ಕಾವಲುಗಾರ ಪಿ-೫೩ ಅನ್ನು ಹಿಡಿದು ಚೂರು ಮಾಡಿಸುತ್ತದೆ, ಇ-೭ ಆರ್.ಬಿ.ಯನ್ನು ಕಟ್ಟಿಹಾಕುತ್ತದೆ. ಮಕ್ಕಳ ಕಣ್ಣಿನ ಕ್ಯಾನ್ಸರಿನಲ್ಲಿ ಅಕ್ಷರದೋಷದಿಂದ ಹಾಳಾಗುವ ಆರ್.ಬಿ.ಯೇ ಇಲ್ಲಿ ವೈರಸ್ಸಿನ ಕೈಯಲ್ಲಿ ಹಾಳಾಗುತ್ತದೆ. ಕಾವಲು ತಪ್ಪಿದ ಜೀವಕೋಶದಲ್ಲಿ ತಪ್ಪಿನ ಮೇಲೆ ತಪ್ಪು ಸೇರುತ್ತ ಹೋಗುತ್ತದೆ. ಎಷ್ಟೋ ವೇಳೆ ವೈರಸ್ಸಿನ ಬರಹ ನಮ್ಮ ಗ್ರಂಥಕ್ಕೇ ಹೊಲಿದುಕೊಂಡುಬಿಡುತ್ತದೆ. ಹೀಗಿದ್ದರೂ ಸೋಂಕು ತಗಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಜನರಲ್ಲಿ ಒಂದೆರಡು ವರ್ಷಗಳಲ್ಲಿ ದೇಹವೇ ಅದನ್ನು ಹೊರದೂಡುತ್ತದೆ. ಕೆಲವರಲ್ಲಿ ಮಾತ್ರ ಅದು ಬೇರೂರುತ್ತದೆ. ಅಲ್ಲಿಂದ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ೧೫ರಿಂದ ೨೦ ವರ್ಷ ಹಿಡಿಯುತ್ತದೆ.

ಹಾಗಾದರೆ ಲೋಟದ ಮಾತು? ಸ್ಪಷ್ಟವಾಗಿ ಹೇಳಬೇಕು. ಕ್ಯಾನ್ಸರ್ ಅಂಟುವುದಿಲ್ಲ. ರೋಗಿಯ ಜೊತೆ ಕುಳಿತು ಉಂಡರೆ, ಆಕೆಯ ತಲೆ ಬಾಚಿದರೆ, ಮಗ್ಗುಲಲ್ಲಿ ಮಲಗಿದರೆ ಅದು ಬರುವುದಿಲ್ಲ. ಗರ್ಭಕೋಶದ ಕೊರಳನ್ನು ಕೆಡಿಸುವ ಈ ವೈರಸ್ ಹರಡುವುದು ಮುಖ್ಯವಾಗಿ ಗಂಡುಹೆಣ್ಣಿನ ಸಂಪರ್ಕದಿಂದ, ತಟ್ಟೆ ಲೋಟಗಳಿಂದಲ್ಲ. ಇಷ್ಟು ಹೇಳಿದಕೂಡಲೆ ಆಕೆಯ ನಡತೆಯ ಕಡೆ ಬೆರಳು ತೋರಿಸುವವರೂ ಇದ್ದಾರೆ. ಅದು ಲೋಟವನ್ನು ಹೊರಗಿಡುವುದಕ್ಕಿಂತ ದೊಡ್ಡ ಅನ್ಯಾಯ. ಈ ವೈರಸ್ ಅತಿ ಸಾಮಾನ್ಯವಾದದ್ದು. ಸಂಸಾರಸ್ಥರಾದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಸಲ ತಗಲಿಯೇ ಇರುತ್ತದೆ. ಕೈಹಿಡಿದ ಗಂಡನೊಬ್ಬನನ್ನೇ ಅರಿತ ಹೆಂಗಸಿಗೂ ಅದು ಬರಬಲ್ಲುದು.

೨೦೨೨ರಲ್ಲಿ ಜಗತ್ತಿನಲ್ಲಿ ಸುಮಾರು ೬ ಲಕ್ಷ ೬೦ ಸಾವಿರ ಮಹಿಳೆಯರಿಗೆ ಹೊಸದಾಗಿ ಈ ಕ್ಯಾನ್ಸರ್ ಆಯಿತು. ಸುಮಾರು ೩ ಲಕ್ಷ ೫೦ ಸಾವಿರ ಮಂದಿ ತೀರಿಕೊಂಡರು. ಅವರಲ್ಲಿ ಸುಮಾರು ೮೦ ಸಾವಿರ ಮಂದಿ ನಮ್ಮ ದೇಶದವರು. ಕಾರಣ ತಿಳಿದ ರೋಗದಿಂದ ಇಷ್ಟು ತಾಯಂದಿರನ್ನು ಕಳೆದುಕೊಳ್ಳಬೇಕೆ?

ಕಾರಣ ತಿಳಿದದ್ದರಿಂದಲೇ ಉಪಾಯವೂ ಉಂಟು. ಎಚ್.ಪಿ.ವಿ.ಗೆ ಲಸಿಕೆ ೨೦೦೬ರಲ್ಲಿ ಬಳಕೆಗೆ ಬಂದಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನವರು ತಯಾರಿಸಿದ ಲಸಿಕೆ ೨೦೨೩ರಲ್ಲಿ ಹೊರಬಂದಿತು. ಸಿಕ್ಕಿಂ ರಾಜ್ಯದಲ್ಲಿ ೨೦೧೮ರಲ್ಲಿ ಶಾಲೆಗಳ ಮೂಲಕವೇ ಹೆಣ್ಣುಮಕ್ಕಳಿಗೆ ಈ ಲಸಿಕೆ ಹಾಕಿದರು. ಸೋಂಕು ತಗಲುವುದಕ್ಕೆ ಮೊದಲೇ, ೯ರಿಂದ ೧೪ ವರ್ಷದೊಳಗೆ ಹಾಕಿಸಬೇಕು. ತಗಲಿದ ಸೋಂಕನ್ನು ಅದು ವಾಸಿ ಮಾಡುವುದಿಲ್ಲ. ಆ ವಯಸ್ಸು ದಾಟಿದ ತಾಯಂದಿರಿಗೆ ಪರೀಕ್ಷೆಯುಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಿಂದ ಆ ನಗರದ ಬಡಾವಣೆಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ತೆಗೆದುಕೊಂಡು ಒಂದು ಪ್ರಯೋಗ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕೋಶದ ಕೊರಳಿಗೆ ವಿನಿಗರಿನಂತಹ ದುರ್ಬಲ ಆಮ್ಲವನ್ನು ಸವರಿ, ಬೆಳ್ಳಗಾಗುವ ಭಾಗವನ್ನು ಬರಿಗಣ್ಣಿನಿಂದ ನೋಡುವುದು, ಅಷ್ಟೇ ಪರೀಕ್ಷೆ. ಹೀಗೆ ಎರಡು ವರ್ಷಕ್ಕೊಮ್ಮೆ ನೋಡಿದ್ದರಿಂದ ಈ ಕ್ಯಾನ್ಸರಿನ ಸಾವುಗಳು ನೂರಕ್ಕೆ ೩೧ರಷ್ಟು ಕಡಮೆಯಾದುವೆಂದು ೨೦೧೩ರಲ್ಲಿ ತಿಳಿಸಿದರು. ಈಗ ವೈರಸ್ಸನ್ನೇ ಹುಡುಕುವ ಪರೀಕ್ಷೆಯೂ ಇದೆ. ರೋಗವಾಗುವುದಕ್ಕೆ ಹದಿನೈದು ವರ್ಷ ಬೇಕೆಂದರೆ, ಅದನ್ನು ನಡುದಾರಿಯಲ್ಲಿ ತಡೆಯುವುದಕ್ಕೆ ನಮಗೂ ಹದಿನೈದು ವರ್ಷ ಅವಕಾಶವಿದೆಯೆಂದೇ ಅರ್ಥ.

ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುವ ಹೆಪಟೈಟಿಸ್-ಬಿ ವೈರಸ್ಸಿಗೂ ಲಸಿಕೆಯಿದೆ. ತೈವಾನಿನಲ್ಲಿ ೧೯೮೪ರಿಂದ ಕೂಸುಗಳಿಗೆ ಅದನ್ನು ಹಾಕಲಾಗಿ, ಮಕ್ಕಳಲ್ಲಿ ಆ ಕ್ಯಾನ್ಸರ್ ಕಡಮೆಯಾದದ್ದನ್ನು ಜಗತ್ತೇ ಕಂಡಿದೆ. ಆದರೆ ಎಲ್ಲಕ್ಕೂ ವೈರಸ್ಸೇ ಕಾರಣವೆಂದು ತಿಳಿಯಬಾರದು. ೨೦೧೮ರ ಲೆಕ್ಕದಂತೆ ಜಗತ್ತಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ೧೩ರಷ್ಟು ಮಾತ್ರ ಸೋಂಕಿನಿಂದ ಬಂದವು. ನಮ್ಮ ಕಡೆಯ ಬಾಯಿ ಗಂಟಲುಗಳ ಕ್ಯಾನ್ಸರಿಗೆ ಮುಖ್ಯ ಕಾರಣ ಹೊಗೆಸೊಪ್ಪು. ಅಡಿಕೆ ನಮ್ಮ ಮಲೆನಾಡಿನ ಬದುಕು, ಮಂಗಳಕಾರ್ಯದ ಮರ್ಯಾದೆ. ಆದರೂ ಅಗಿಯುವ ಅಡಿಕೆಯೇ ಕ್ಯಾನ್ಸರುಕಾರಕವೆಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ೨೦೦೪ರ ವರದಿಯಲ್ಲಿ ಹೇಳಿದೆ. ಎಲೆಯಡಿಕೆ ಹಾಕುವ ನಾನೇ ಇದನ್ನು ಓದಿದ ಮೇಲೆ ತಟ್ಟೆಯನ್ನು ದೂರ ಸರಿಸಬೇಕಾಯಿತು.

ಮೂರು ವಾರ ಕಳೆದ ಮೇಲೆ ಇಷ್ಟನ್ನೂ ಆ ಹುಡುಗಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ಹಾಗಾದರೆ ನಾನು ಅವರ ಹತ್ತಿರ ಹೋಗಬಹುದು" ಎಂದಳು. ಮನೆಯವರು ಅವಳ ಮಾತನ್ನು ನಂಬಲಿಲ್ಲ. ಲೋಟ ಒಳಗೆ ಬರಲಿಲ್ಲ. ಅವಳು ವಾದ ಮಾಡಲು ಹೋಗಲಿಲ್ಲ. ಆ ರಾತ್ರಿ ತನ್ನ ತಟ್ಟೆಯನ್ನೇ ಹಿತ್ತಿಲ ಜಗಲಿಗೆ ಒಯ್ದು ದೊಡ್ಡಮ್ಮನ ಪಕ್ಕದಲ್ಲಿ ಕುಳಿತು ಉಂಡಳಂತೆ. ಮರುದಿನವೂ ಹಾಗೆಯೇ ಮಾಡಿದಳಂತೆ. ಆ ಬೇಸಗೆಯಲ್ಲಿ ದೊಡ್ಡಮ್ಮ ತೀರಿಕೊಂಡರು. ಕೊನೆಯ ಎರಡು ತಿಂಗಳು ಆಕೆ ಒಬ್ಬರೇ ಕುಳಿತು ಉಣ್ಣಲಿಲ್ಲ.

ನಾನು "ನಾಳೆ" ಎಂದು ಕಳೆದ ಆ ಮೂರು ವಾರ ಮಾತ್ರ ಆಕೆ ಒಬ್ಬರೇ ಉಂಡರು. ಅದಕ್ಕಾಗಿಯೇ ಈ ಮಾತನ್ನು ಇಂದು ಬಾನುಲಿಯಲ್ಲಿ ಹೇಳಿದ್ದೇನೆ. ನಿಮ್ಮ ಬೀದಿಯಲ್ಲಿ ಯಾವುದಾದರೂ ಮನೆಯ ಜಗಲಿಯ ಮೇಲೆ ಇಂಥದೊಂದು ಲೋಟವಿದ್ದರೆ, ನಾಳೆಯವರೆಗೆ ಕಾಯದೆ ಅದನ್ನು ಒಳಗೆ ತರಿಸಿ.